ನಿರ್ವಿಕಾರನ ಪ್ರಸಾದ: ಮಾನ್ಯಖೇಟದ ನೆಲದಲ್ಲಿ ಒಂದು ಪ್ರಶ್ನೆಯ ಚರಿತ್ರೆ

ಕಲಬುರಗಿ ಪಟ್ಟಣದ ಒಂದು ಭಾಗಕ್ಕೆ ಜಗತ್ ಎಂದು ಹೆಸರು. ಆ ಹೆಸರು ಅಲ್ಲಿಗೆ ಬಂದ ಬಗೆ ಪ್ರಕೃತಕ್ಕೆ ಅಪ್ರಸ್ತುತ. ಶಬ್ದವನ್ನು ಮಾತ್ರ ತೆಗೆದುಕೊಂಡರೆ, ಗಮನಾರ್ಥಕವಾದ ಧಾತುವಿನಿಂದ ಹುಟ್ಟಿದ ಅದು ನಿಲ್ಲದೆ ಚಲಿಸುತ್ತಿರುವುದು ಎಂಬ ಅರ್ಥವನ್ನು ಕೊಡುತ್ತದೆ. ಹೀಗೆ ಚಲಿಸುವುದಕ್ಕೆ ಒಡೆಯನಾದವನು ತಾನೂ ಚಲಿಸುವನೇ, ಇಲ್ಲವೇ? ಚಲಿಸನೆಂದರೆ ಭಕ್ತನ ಮೊರೆಗೆ ಓಗೊಡುವುದು ಹೇಗೆ? ಓಗೊಡುವನೆಂದರೆ, ಮೊರೆಗೆ ಮುಂಚೆ ಒಂದು ಬಗೆ, ಮೊರೆಯ ಅನಂತರ ಮತ್ತೊಂದು ಬಗೆಯಾದವನನ್ನು ನಿರ್ವಿಕಾರನೆಂದು ಕರೆಯುವುದು ಹೇಗೆ? ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟ ಮೂರು ಸಂಪ್ರದಾಯಗಳು ಕಲಬುರಗಿಯಿಂದ ಎರಡು ಮೂರು ದಿನಗಳ ಕಾಲ್ನಡಿಗೆಯೊಳಗಿನ ನೆಲದಲ್ಲಿ ಬೆಳೆದುವು. ಆಗ್ನೇಯಕ್ಕೆ ಕಾಗಿಣಾ ನದಿಯ ದಡದ ಮಳಖೇಡ, ಎಂದರೆ ರಾಷ್ಟ್ರಕೂಟರ ಮಾನ್ಯಖೇಟ. ಈಶಾನ್ಯಕ್ಕೆ, ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರವನ್ನು ಹಾಯ್ದು ಹುಮನಾಬಾದಿನ ಮಾರ್ಗವಾಗಿ ಹೋದರೆ ಶರಣರ ಕಲ್ಯಾಣ.

ಸಾಹಿತ್ಯದ ಪಾಠಗಳಲ್ಲಿ ಈ ವಿಷಯ ಬಂದಾಗ ಒಂದು ಸುಲಭವಾದ ಸಮಾಧಾನವನ್ನು ಹೇಳಿ ಮುಂದೆ ಸಾಗುವುದುಂಟು. ಶಾಸ್ತ್ರಕಾರರ ದೇವರು ಅಚಲ, ಕವಿಗಳ ದೇವರು ದಯಾಳು. ಪಂಡಿತನು ತರ್ಕಕ್ಕಾಗಿ ಒಬ್ಬನನ್ನು ಸ್ಥಾಪಿಸಿದನು, ದಾಸನು ಹೃದಯಕ್ಕಾಗಿ ಇನ್ನೊಬ್ಬನನ್ನು ಹಾಡಿದನು. ಹಾಡಿನಲ್ಲಿ ದೇವರು ಎದ್ದು ಬಂದನೆಂದಾಗ ಅದನ್ನು ಉಪಚಾರವೆಂದು ತಿಳಿದರೆ ಸಾಕು, ಎಂದು. ಈ ಸಮಾಧಾನಕ್ಕೆ ಮೊದಲು ಅಡ್ಡಬರುವುದೇ ಜಗನ್ನಾಥದಾಸರ (1728–1809) ಹರಿಕಥಾಮೃತಸಾರ. ಅದರ ಕರುಣಾಸಂಧಿಯಲ್ಲಿ, ಹಾಡುವ ಭಕ್ತನು ತಾನಿರುವ ಭಂಗಿಯಿಂದ ಒಂದು ಮೆಟ್ಟಲು ಏರಿದರೆ ಕೇಳುವ ಭಗವಂತನು ಅವನಿಗಿಂತ ಒಂದು ಮೆಟ್ಟಲು ಮೇಲಾದ ಆದರವನ್ನು ತೋರುವನೆಂಬ ಪ್ರಸಿದ್ಧವಾದ ವರ್ಣನೆಯಿದೆ. ಓಗೊಡುವ ದೇವರ ಚಿತ್ರವನ್ನು ಇದಕ್ಕಿಂತ ಸ್ಪಷ್ಟವಾಗಿ ಬರೆಯುವುದು ಕಷ್ಟ. ಆದರೆ ಇದನ್ನು ಬರೆದವರು ಶಾಸ್ತ್ರವನ್ನರಿಯದ ಸರಳ ಭಕ್ತರಲ್ಲ. ಮಾನವಿಯ ಸೀಮೆಯ ಬ್ಯಾಗವಟ್ಟೆಯವರಾದ ಅವರು ಮೊದಲು ಸಂಸ್ಕೃತ ವಿದ್ವಾಂಸರಾಗಿ ಹೆಸರುಪಡೆದು ಆಮೇಲೆ ದಾಸರಾದವರು. ಅವರ ಗ್ರಂಥವಾದರೋ ಮಾಧ್ವಸಿದ್ಧಾಂತದ ತತ್ತ್ವಗಳನ್ನೇ ಭಾಮಿನೀ ಷಟ್ಪದಿಯಲ್ಲಿ ಹೆಣೆದುದು. ಅದೇ ಸಿದ್ಧಾಂತವು ಭಗವಂತನನ್ನು ಸರ್ವಥಾ ನಿರ್ವಿಕಾರನೆಂದು ಸಾರುತ್ತದೆ. ಒಂದೇ ಲೇಖನಿಯಿಂದ ಈ ಎರಡೂ ಹೊರಟಿರುವಾಗ ಒಂದನ್ನು ಉಪಚಾರವೆಂದು ತಳ್ಳಿಬಿಡುವ ಮುನ್ನ, ಆ ಸಿದ್ಧಾಂತವು ವಿಕಾರವೆಂಬ ಶಬ್ದಕ್ಕೆ ಏನರ್ಥವನ್ನು ಹೇಳಿತೆಂದು ನೋಡುವುದು ಯುಕ್ತ. ಅದಕ್ಕೆ ಒಂಬೈನೂರು ವರ್ಷಗಳಷ್ಟು ಹಿಂದೆ ಸರಿದು, ಆಕ್ಷೇಪವನ್ನು ಅದರ ಪೂರ್ಣಬಲದಲ್ಲಿ ಎತ್ತಿದವರಿಂದ ತೊಡಗಬೇಕು.

ಅವರು ಜಿನಸೇನಾಚಾರ್ಯರು. ಗುರು ವೀರಸೇನರು ಅರ್ಧಕ್ಕೆ ಬಿಟ್ಟುಹೋದ ಜಯಧವಲಾ ಟೀಕೆಯನ್ನು ಕ್ರಿ. ಶ. 837ರಲ್ಲಿ ಮುಗಿಸಿದವರು. ಮಾನ್ಯಖೇಟದಿಂದ ಆಳಿದ ಅಮೋಘವರ್ಷ ನೃಪತುಂಗನು (814–878) ಇವರ ಪಾದಗಳಿಗೆರಗಿ ತಾನು ಪವಿತ್ರನಾದೆನೆಂದು ಭಾವಿಸಿದನೆಂಬುದನ್ನು ಶಿಷ್ಯರಾದ ಗುಣಭದ್ರರು ಉತ್ತರಪುರಾಣದ ಪ್ರಶಸ್ತಿಯಲ್ಲಿ ಹೇಳಿದ್ದಾರೆ. ಇವರ ಆದಿಪುರಾಣವನ್ನು ಕನ್ನಡಿಗರು ಬಹುಮಟ್ಟಿಗೆ ಪಂಪನ ಕಾವ್ಯದ (941) ಆಕರವೆಂದು ಮಾತ್ರ ಬಲ್ಲರು. ಅದರ ನಾಲ್ಕನೆಯ ಪರ್ವದಲ್ಲಿ ಲೋಕದ ಸ್ವರೂಪವನ್ನು ಹೇಳುವಲ್ಲಿ ಸೃಷ್ಟಿಕರ್ತನ ಖಂಡನೆಯೊಂದಿದೆ. ಕಥಾಭಾಗಕ್ಕಾಗಿ ಓದುವವರು ಅದನ್ನು ದಾಟಿಬಿಡುವುದೇ ಹೆಚ್ಚು.

ಆ ಖಂಡನೆಯ ತಿರುಳು ಇಷ್ಟು. ಈಶ್ವರನು ಕೃತಾರ್ಥನಾಗಿದ್ದರೆ, ಎಂದರೆ ಪಡೆಯಬೇಕಾದುದು ಯಾವುದೂ ಇಲ್ಲದವನಾಗಿದ್ದರೆ, ನಿರ್ಮಿಸಬೇಕೆಂಬ ಇಚ್ಛೆ ಅವನಿಗೆ ಹುಟ್ಟುವುದೇಕೆ? ಅಕೃತಾರ್ಥನಾಗಿದ್ದರೆ ಕುಂಬಾರನಂತೆ ಅವನೂ ಅಲ್ಪನೇ ಆದುದರಿಂದ ವಿಶ್ವವನ್ನು ಸೃಷ್ಟಿಸಲು ಸಮರ್ಥನಲ್ಲ. ಅವನು ಅಮೂರ್ತನೂ ನಿಷ್ಕ್ರಿಯನೂ ವ್ಯಾಪಿಯೂ ಎಂದರೆ, ವಿಕ್ರಿಯೆಯೇ ಇಲ್ಲದವನಿಗೆ ಸಿಸೃಕ್ಷೆ, ಎಂದರೆ ಸೃಷ್ಟಿಸುವ ಬಯಕೆ, ಉಂಟಾಗುವುದೇ ಅಸಂಭವ. ಲೀಲೆಗಾಗಿ ಸೃಷ್ಟಿಸಿದನೆಂದರೆ ಅದು ಹುಡುಗಾಟ. ಕರುಣೆಯಿಂದ ಸೃಷ್ಟಿಸಿದನೆಂದರೆ ಎಲ್ಲರನ್ನೂ ಸುಖಿಗಳನ್ನಾಗಿ ಏಕೆ ಮಾಡಲಿಲ್ಲ? ಈ ವಿಕಲ್ಪಗಳಲ್ಲಿ ಲೀಲೆಯ ಮತ್ತು ಕರುಣೆಯ ಮಾತುಗಳು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಆಗಲೇ ಪೂರ್ವಪಕ್ಷವಾಗಿ ಬಂದವು, ಹೊಸವಲ್ಲ. ವಿಕ್ರಿಯಾರಹಿತನಿಗೆ ಇಚ್ಛೆ ಕೂಡದೆಂಬ ಮಾತೇ ಮರ್ಮಕ್ಕೆ ತಾಗುವಂಥದು. ಸೃಷ್ಟಿಸುವ ಇಚ್ಛೆಯೇ ಕೂಡದಿದ್ದಲ್ಲಿ ಅನುಗ್ರಹಿಸುವ ಇಚ್ಛೆಯೂ ಕೂಡದು. ಆಗ ಪ್ರಾರ್ಥನೆಯು ಗೋಡೆಗೆ ಹೇಳಿದ ಮಾತಿಗಿಂತ ಹೆಚ್ಚೇನೂ ಆಗುವುದಿಲ್ಲ.

ಜೈನರಿಗೆ ಈ ಕೊನೆಯ ಫಲಿತಾಂಶವು ಭಯವನ್ನುಂಟುಮಾಡಲಿಲ್ಲ. ಅವರಲ್ಲಿಯೂ ಸ್ತುತಿಯಿದೆ, ಪೂಜೆಯಿದೆ. ಮಳಖೇಡದಲ್ಲಿ ನೇಮಿನಾಥನ ಬಸದಿಯಿದೆ. ಕೇಳದವನನ್ನು ಸ್ತುತಿಸುವುದೇಕೆಂಬುದಕ್ಕೆ ಸಮಂತಭದ್ರರು ಸ್ವಯಂಭೂಸ್ತೋತ್ರದಲ್ಲಿ ವಾಸುಪೂಜ್ಯ ತೀರ್ಥಂಕರನನ್ನು ಕುರಿತು ಹಿಂದೆಯೇ ಉತ್ತರ ಹೇಳಿದ್ದರು: ರಾಗವನ್ನು ಕಳೆದುಕೊಂಡವನಿಗೆ ಪೂಜೆಯಿಂದ ಪ್ರಯೋಜನವಿಲ್ಲ, ವೈರವನ್ನು ಬಿಟ್ಟವನಿಗೆ ನಿಂದೆಯಿಂದ ನಷ್ಟವಿಲ್ಲ, ಆದರೂ ಅವನ ಗುಣಗಳ ಸ್ಮರಣೆಯು ಸ್ಮರಿಸುವವನ ಚಿತ್ತದ ಕೊಳೆಯನ್ನು ತೊಳೆಯುತ್ತದೆ, ಎಂಬುದು ಅದರ ಭಾವ. ಬದಲಾವಣೆಯೆಲ್ಲವೂ ಪೂಜಕನಲ್ಲಿ, ಪೂಜ್ಯನಲ್ಲಿ ಏನೂ ಇಲ್ಲ. ಹಾಗಾದರೆ ತೀರ್ಥಂಕರನು ಉಪದೇಶಿಸಿದುದು ಹೇಗೆ? ಉಪದೇಶವೂ ಒಂದು ಓಗೊಡುವಿಕೆಯಷ್ಟೆ. ಇದಕ್ಕೂ ಅದೇ ಆಚಾರ್ಯರು ರತ್ನಕರಂಡಕದಲ್ಲಿ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾರೆ. ವಾದಕನ ಕೈ ಸೋಕಿದಾಗ ಮದ್ದಳೆಯು ನುಡಿಯುತ್ತದೆ. ಅದು ಏನನ್ನಾದರೂ ಬಯಸಿ ನುಡಿಯುವುದೇ? ಹಾಗೆಯೇ ಶಾಸ್ತೃವು ಸ್ವಾರ್ಥವಿಲ್ಲದೆ, ರಾಗವಿಲ್ಲದೆ, ಸಜ್ಜನರಿಗೆ ಹಿತವನ್ನು ಹೇಳುತ್ತಾನೆ. ಇಚ್ಛೆಯಿಲ್ಲದೆಯೇ ಫಲವು ಒದಗುವುದನ್ನು ಇಷ್ಟು ಚಿಕ್ಕ ಮಾತಿನಲ್ಲಿ ತೋರಿಸಿದ ದೃಷ್ಟಾಂತ ದುರ್ಲಭ. ಆದರೆ ಮದ್ದಳೆಗೆ ಕೈಯ ಅರಿವಿಲ್ಲ, ಜಿನನಿಗೆ ಸರ್ವವೂ ಅರಿವಿದೆ. ದೃಷ್ಟಾಂತವು ನಿಲ್ಲುವ ಎಲ್ಲೆ ಇದು.

ಇಲ್ಲಿ ಸೂಕ್ಷ್ಮವಾದ ಒಂದು ಅಂಶವನ್ನು ಗಮನಿಸಬೇಕು. ಜಿನಸೇನರು ಪ್ರತಿವಾದಿಯ ಈಶ್ವರನನ್ನು ವಿಕ್ರಿಯಾರಹಿತನೆಂದು ಹೇಳಿ ಕೆಡಹಿದರೇ ಹೊರತು, ತಮ್ಮ ಪರಮಾತ್ಮನು ಕೂಟಸ್ಥನಿತ್ಯನೆಂದು ಎಲ್ಲಿಯೂ ಒಪ್ಪಿದವರಲ್ಲ. ಉತ್ಪಾದ, ವ್ಯಯ, ಧ್ರೌವ್ಯ ಈ ಮೂರೂ ಕೂಡಿದುದೇ ಸತ್ತೆಂಬುದು ತತ್ತ್ವಾರ್ಥಸೂತ್ರದ ಲಕ್ಷಣ. ಮುಕ್ತಾತ್ಮನೂ ದ್ರವ್ಯವೇ ಆದುದರಿಂದ ಅವನಲ್ಲಿಯೂ ಪರ್ಯಾಯಗಳು ಕ್ಷಣಕ್ಷಣಕ್ಕೂ ಉದಿಸಿ ಅಳಿಯುತ್ತಿರಬೇಕು. ಜ್ಞೇಯವಾದ ಲೋಕವು ಬದಲಾದಂತೆ ಕೇವಲಜ್ಞಾನದ ಪರ್ಯಾಯವೂ ಬದಲಾಗಬೇಕು. ಇಂತು ಜೈನರ ಪರಮಾತ್ಮನು ಪರಿಣಾಮವುಳ್ಳವನು, ಆದರೆ ಮೊರೆಗೆ ಓಗೊಡುವವನಲ್ಲ. ವೇದಾಂತಿಗಳ ಪರಮಾತ್ಮನಾದರೋ ಪರಿಣಾಮವಿಲ್ಲದವನು, ಆದರೆ ಮೊರೆಗೆ ಓಗೊಡುವವನು. ಬದಲಾಗುವವನು ಮಾತ್ರ ಓಗೊಡಬಲ್ಲನು, ಬದಲಾಗದವನು ಓಗೊಡಲಾರನು ಎಂಬ ನಂಬಿಕೆಯನ್ನು ಈ ವೈಪರೀತ್ಯವು ಬುಡದಲ್ಲಿಯೇ ಅಲುಗಿಸುತ್ತದೆ. ವಿಕಾರ ಒಂದು ಪ್ರಶ್ನೆ, ಅನುಗ್ರಹ ಇನ್ನೊಂದು ಪ್ರಶ್ನೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದಲೇ ಪಾಠದ ಆ ಸುಲಭವಾದ ಸಮಾಧಾನವು ಅವಶ್ಯವಾಯಿತು.

ಕ್ರಿ. ಶ. 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ರಾಷ್ಟ್ರಕೂಟರು ಅಳಿದು ಚಾಳುಕ್ಯರು ತಲೆಯೆತ್ತಿ, ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣವು ರಾಜಧಾನಿಯಾಯಿತು. ಆ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ದೇವರ ಒಲುಮೆಯನ್ನು ಕುರಿತು ಆಡಿದ ಮಾತುಗಳನ್ನು ಕನ್ನಡಿಗರಿಗೆ ಮತ್ತೆ ಹೇಳಬೇಕಾಗಿಲ್ಲ. ಅವಕ್ಕೆ ಶಾಸ್ತ್ರದ ಚೌಕಟ್ಟನ್ನು ಕಟ್ಟಿದವರಲ್ಲಿ ಹದಿನೈದನೆಯ ಶತಮಾನದವನೆಂದು ಎಣಿಸಲಾಗುವ ಮಗ್ಗೆಯ ಮಾಯಿದೇವನು ಮುಖ್ಯನು. ಅವನ ಅನುಭವಸೂತ್ರದ ಪ್ರಕಾರ ಸ್ಥಲವೆಂಬ ಪರತತ್ತ್ವವು ತನ್ನ ಶಕ್ತಿಯ ಕ್ಷೋಭೆಯಿಂದ ಲಿಂಗ, ಅಂಗ ಎಂದು ಎರಡಾಗುತ್ತದೆ. ಲಿಂಗವನ್ನು ಆಶ್ರಯಿಸಿದ ಅಂಶವು ಶಕ್ತಿಯೆಂದೂ ಅಂಗವನ್ನು ಆಶ್ರಯಿಸಿದ ಅಂಶವು ಭಕ್ತಿಯೆಂದೂ ಕರೆಯಲ್ಪಡುತ್ತದೆ. ಶಕ್ತಿಯು ಪ್ರವೃತ್ತಿರೂಪ, ಭಕ್ತಿಯು ನಿವೃತ್ತಿರೂಪ. ಮೊರೆಯಿಡುವ ಭಕ್ತಿಯೂ ಓಗೊಡುವ ಶಕ್ತಿಯೂ ಮೂಲದಲ್ಲಿ ಒಂದೇ ಆದುದರಿಂದ, ಹೊರಗಿನಿಂದ ಬಂದ ಕರೆಯೊಂದು ಶಿವನನ್ನು ಕದಲಿಸಿತೆಂಬ ಪ್ರಸಂಗವೇ ಇಲ್ಲಿ ಬರುವುದಿಲ್ಲ. ಕ್ಷೋಭೆಯು ಸ್ವತಃ ವಿಕಾರವಲ್ಲವೇ ಎಂದು ತಾರ್ಕಿಕನು ಕೇಳಬಹುದು. ಶಕ್ತಿಯ ಸಂಕೋಚವಿಕಾಸಗಳು ಸ್ವರೂಪಕ್ಕೆ ತಗಲವೆಂಬ ಶಕ್ತಿವಿಶಿಷ್ಟಾದ್ವೈತದ ಉತ್ತರವು ವಿಸ್ತಾರವಾದ ವಿಚಾರವನ್ನು ಬೇಡುತ್ತದೆ. ಅದು ಬೇರೆ ಪ್ರಬಂಧಕ್ಕೆ ತಕ್ಕ ವಿಷಯ.

ಮಳಖೇಡದ ಹೆಸರು ದರ್ಶನದ ಚರಿತ್ರೆಯಲ್ಲಿ ಎರಡನೆಯ ಸಾರಿ ಕಾಣಿಸಿಕೊಂಡುದು ಹದಿನಾಲ್ಕನೆಯ ಶತಮಾನದಲ್ಲಿ. ಆ ವೇಳೆಗೆ ರಾಜ್ಯ ಬದಲಾಗಿತ್ತು; 1347ರಿಂದ ಕಲಬುರಗಿಯೇ ಬಹಮನಿ ಸುಲ್ತಾನರ ರಾಜಧಾನಿ. ಮಂಗಳವೇಢೆಯ ಕಡೆಯ ಸಂಪನ್ನವಾದ ಮನೆತನದ ತರುಣನೊಬ್ಬನು ಕುದುರೆಯಿಂದ ಇಳಿಯದೆ, ಪಶುವಿನಂತೆ ಬಾಯೊಡ್ಡಿ ನದಿಯ ನೀರನ್ನು ಕುಡಿದನೆಂದೂ, ಅದನ್ನು ಕಂಡ ಅಕ್ಷೋಭ್ಯತೀರ್ಥರು ಅವನಿಗೆ ಸಂನ್ಯಾಸವನ್ನು ಕೊಟ್ಟರೆಂದೂ ಸಂಪ್ರದಾಯ ಹೇಳುತ್ತದೆ. ಅವರೇ 1365ರಿಂದ 1388ರ ವರೆಗೆ ಪೀಠದಲ್ಲಿದ್ದ ಜಯತೀರ್ಥರು, ಮಾಧ್ವರ ಟೀಕಾಚಾರ್ಯರು. ಯರಗೋಳದ ಗುಹೆಯಲ್ಲಿ ಗ್ರಂಥರಚನೆ ಮಾಡಿದರೆಂದು ಪ್ರತೀತಿ. ಮಳಖೇಡದಲ್ಲಿ ಪೂಜೆಗೊಳ್ಳುವ ವೃಂದಾವನವು ಇವರದೇ ಎಂಬುದರಲ್ಲಿ ಮಠಗಳೊಳಗೆ ಮತಭೇದವಿದೆ. ಪ್ರಕೃತ ವಿಚಾರಕ್ಕೆ ಅದು ಬಾಧಕವಲ್ಲ. ಮಧ್ವಾಚಾರ್ಯರ (1238–1317) ಅನುವ್ಯಾಖ್ಯಾನಕ್ಕೆ ಇವರು ಬರೆದ ನ್ಯಾಯಸುಧೆಯು ದ್ವೈತ ವಾಙ್ಮಯದ ಶಿಖರವೆಂಬುದು ಪ್ರತಿಪಕ್ಷದವರೂ ಅಲ್ಲಗಳೆಯದ ಮಾತು. ಜಿನಸೇನರ ಶ್ಲೋಕಗಳಿಗೆ ಉತ್ತರ ಹೇಳುವುದಕ್ಕಾಗಿಯೇ ಅದು ಹೊರಟಿತೆಂದು ಹೇಳಲು ಆಧಾರವಿಲ್ಲ. ಮೂಲಾಚಾರ್ಯರ ಮಾತನ್ನು ಬಿಡಿಸಿ ನಿಲ್ಲಿಸುವುದೇ ಟೀಕಾಕಾರರ ಉದ್ದೇಶವಾಗಿತ್ತು. ಆದರೂ ಆ ಆಕ್ಷೇಪಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಆ ಸಿದ್ಧಾಂತದಲ್ಲಿ ಇದೆ.

ಮೊದಲನೆಯದು, ವಿಕಾರದ ಕ್ಷೇತ್ರವನ್ನು ಕತ್ತರಿಸಿದುದು. ಬ್ರಹ್ಮನೇ ಜಗತ್ತಿಗೆ ಉಪಾದಾನವೆಂದರೆ ಹಾಲು ಮೊಸರಾಗುವಂತೆ ಅವನೂ ಬದಲಾಗಬೇಕಾಗುತ್ತದೆ. ಆದುದರಿಂದ ದ್ವೈತಿಗಳು ಭಗವಂತನನ್ನು ನಿಮಿತ್ತಕಾರಣನೆಂದು ಮಾತ್ರ ಒಪ್ಪಿದರು. ಪರಿಣಾಮವು ಪ್ರಕೃತಿಗೆ ಸೇರಿತು. ಎರಡನೆಯದು, ಸೃಷ್ಟಿ ಎಂಬ ಶಬ್ದಕ್ಕೇ ಹೊಸ ಅರ್ಥವನ್ನು ಹೇಳಿದುದು. ಇಲ್ಲದುದು ಉಂಟಾಗುವುದೇ ಸೃಷ್ಟಿಯೆಂದರೆ ನಿತ್ಯವಾದ ಜೀವ, ಕಾಲಗಳಿಗೆ ಸೃಷ್ಟಿಯಿಲ್ಲದಂತಾಗುವುದು. ಪರಾಧೀನವಿಶೇಷಾಪ್ತಿ, ಎಂದರೆ ಪರನ ಅಧೀನದಲ್ಲಿ ಹೊಸದೊಂದು ವಿಶೇಷವನ್ನು ಪಡೆಯುವುದು, ಇದೇ ಸೃಷ್ಟಿಯೆಂದು ಅವರು ನಿರ್ವಚಿಸಿದರು. ಹೊಸತನವು ಇಲ್ಲಿ ಅಧೀನನಾದವನದು, ಅಧೀನದಲ್ಲಿ ಇಟ್ಟುಕೊಂಡವನದಲ್ಲ. ನಿರುಕ್ತಕಾರರು ಎಣಿಸಿದ ಹುಟ್ಟು, ಬೆಳೆ, ಕುಂದು ಮೊದಲಾದ ಆರು ಭಾವವಿಕಾರಗಳೂ ಅಧೀನವಾದ ವಸ್ತುವಿನ ಲಕ್ಷಣಗಳಾಗಿ ಉಳಿದುವು. ಸ್ವತಂತ್ರನಲ್ಲಿ ಅವಕ್ಕೆ ಎಡೆಯಿಲ್ಲ.

ಮೂರನೆಯದೇ ಮುಖ್ಯ. ವಿಕ್ರಿಯಾರಹಿತನಿಗೆ ಇಚ್ಛೆ ಹುಟ್ಟುವುದು ಹೇಗೆಂದು ಜಿನಸೇನರು ಕೇಳಿದಾಗ, ಇಚ್ಛೆಯೆಂಬುದು ಹುಟ್ಟತಕ್ಕ ವಸ್ತುವೆಂದು ಅವರು ಗ್ರಹಿಸಿದ್ದಾರೆ. ಮನುಷ್ಯರಲ್ಲಿ ಅದು ಹಾಗೆಯೇ ಸರಿ. ಕೊರತೆಯೊಂದು ಕಂಡುಬಂದಾಗ ಬಯಕೆ ಹುಟ್ಟುತ್ತದೆ. ದ್ವೈತಿಗಳು ಈ ಗ್ರಹಿಕೆಯನ್ನೇ ಒಪ್ಪುವುದಿಲ್ಲ. ಭಗವಂತನ ಜ್ಞಾನ, ಇಚ್ಛೆ, ಕ್ರಿಯೆಗಳು ಅವನ ಸ್ವರೂಪವೇ, ಅವನಿಂದ ಬೇರೆಯಲ್ಲ. ಬೇರೆಯಲ್ಲದಿದ್ದರೂ ಗುಣ, ಗುಣಿ ಎಂಬ ವ್ಯವಹಾರವು ವಿಶೇಷವೆಂಬ ಪದಾರ್ಥದ ಬಲದಿಂದ ಸಲ್ಲುತ್ತದೆ. ಹಾವು ತಾನೇ ಸುರುಳಿಯೂ ಹೌದು, ಸುರುಳಿಯುಳ್ಳದ್ದೂ ಹೌದು ಎಂಬ ಸೂತ್ರಕಾರರ ದೃಷ್ಟಾಂತವನ್ನು ಆಚಾರ್ಯರು ಈ ಅರ್ಥದಲ್ಲಿ ತೆಗೆದುಕೊಂಡಿದ್ದಾರೆ. ಕ್ರಿಯೆಯು ನಿತ್ಯವಾದರೆ ಯಾವಾಗಲೂ ಸೃಷ್ಟಿಯೇ ನಡೆಯುತ್ತಿರಬೇಕಲ್ಲ, ಪ್ರಳಯವೆಲ್ಲಿ ಎಂದರೆ, ಅದು ಶಕ್ತಿರೂಪದಿಂದ ಸದಾ ಇದ್ದು ವ್ಯಕ್ತಿರೂಪದಿಂದ ಆಯಾ ಕಾಲದಲ್ಲಿ ತೋರುವುದೆಂದು ಉತ್ತರ. ಶಾಸ್ತ್ರವನ್ನು ಬಲ್ಲ ಅಧ್ಯಾಪಕನು ಮೌನವಾಗಿ ಕುಳಿತಿದ್ದಾನೆ; ಶಿಷ್ಯನು ಕೇಳಿದೊಡನೆ ವಿವರಿಸುತ್ತಾನೆ. ಕೇಳಿದ್ದರಿಂದ ಅವನಿಗೆ ಹೊಸ ವಿದ್ಯೆ ಬರಲಿಲ್ಲ, ಹೇಳಿದ್ದರಿಂದ ಇದ್ದ ವಿದ್ಯೆ ಕಡಮೆಯಾಗಲಿಲ್ಲ. ಆದರೂ ಅವನು ಓಗೊಟ್ಟನೆಂಬುದು ಸುಳ್ಳಲ್ಲ. ಮನುಷ್ಯನಾದ ಅಧ್ಯಾಪಕನಿಗೆ ಉಸಿರಿನ ಶ್ರಮವಿದೆ, ಸ್ಮರಣೆಯ ಆಯಾಸವಿದೆ. ಅವು ಪರಾಧೀನತೆಯ ಗುರುತುಗಳು. ಅವನ್ನು ಕಳೆದು ನೋಡಿದರೆ ಸಿದ್ಧಾಂತದ ಅಭಿಪ್ರಾಯ ತಿಳಿಯುತ್ತದೆ.

ವ್ಯಕ್ತಿಯು ಈಗ ಆಯಿತು, ಮೊದಲಿರಲಿಲ್ಲ ಎಂದರೆ ಅದೇ ವಿಕಾರವಲ್ಲವೇ ಎಂಬ ಶಂಕೆ ಇಲ್ಲಿ ಏಳದೆ ಇರದು. ಆ ವ್ಯಕ್ತಿಯೂ ಸ್ವರೂಪಾಭಿನ್ನವೇ, ಈಗ ಎಂಬುದು ಕಾಲದ ಧರ್ಮ, ಕಾಲವಾದರೋ ಅವನ ಅಧೀನ ಎಂಬ ದಾರಿಯಲ್ಲಿ ಇದಕ್ಕೆ ಸಮಾಧಾನವನ್ನು ಹೇಳಬೇಕಾಗುತ್ತದೆ. ಸೃಷ್ಟಿಯ ವಿಷಯದಲ್ಲಿ ಈ ಸಮಾಧಾನವು ಸಾಕಷ್ಟು ಗಟ್ಟಿಯಾಗಿದೆ. ವಿಶೇಷಪದಾರ್ಥವನ್ನೇ ಒಪ್ಪದವನಿಗೆ ಮಾತ್ರ ಇದು ಶಬ್ದಾಂತರವಾಗಿ ತೋರೀತು. ಅಂಥವನು ಗುಣಗುಣಿಭಾವಕ್ಕೆ ತನ್ನದೇ ಆದ ದಾರಿಯನ್ನು ಮೊದಲು ತೋರಿಸಬೇಕಾಗುತ್ತದೆ.

ಈ ಇಕ್ಕಟ್ಟು ಭರತಖಂಡದ್ದು ಮಾತ್ರವಲ್ಲ. ಯವನ ದಾರ್ಶನಿಕನಾದ ಅರಿಸ್ಟಾಟಲನು, ತಾನು ಚಲಿಸದೆ ಎಲ್ಲವನ್ನೂ ಚಲಿಸುವಂತೆ ಮಾಡುವ ಆದಿಕಾರಣವನ್ನು ಹೇಳಿದನು. ಅದು ಪ್ರಿಯವಸ್ತುವಿನಂತೆ ಎಳೆಯುತ್ತದೆ, ಕರೆಗೆ ಓಗೊಡುವುದಿಲ್ಲ. ಒಂದರ್ಥದಲ್ಲಿ ಜೈನರ ದಾರಿಗೆ ಹತ್ತಿರ. ಹದಿಮೂರನೆಯ ಶತಮಾನದ ಕ್ರೈಸ್ತ ಆಚಾರ್ಯ ಥಾಮಸ್ ಅಕ್ವಿನಾಸನು, ಕಂಬದ ಪಕ್ಕದಲ್ಲಿರುವ ಪ್ರಾಣಿಯು ಸರಿದಾಡಿದಾಗ ಕಂಬವು ಅದರ ಬಲಕ್ಕೋ ಎಡಕ್ಕೋ ಆಗುವುದೆಂಬ ದೃಷ್ಟಾಂತದಿಂದ, ಸಂಬಂಧವು ಸೃಷ್ಟವಸ್ತುವಿನಲ್ಲಿ ಮಾತ್ರ ವಾಸ್ತವವೆಂದು ಹೇಳಿದನು. ಪರಾಧೀನವಿಶೇಷಾಪ್ತಿಯೊಡನೆ ಇದನ್ನು ಹೋಲಿಸಬಹುದು. ಆದರೆ ಕಂಬಕ್ಕೆ ಇಚ್ಛೆಯಿಲ್ಲವೆಂಬ ಕೊರತೆ ಮದ್ದಳೆಯ ದೃಷ್ಟಾಂತದಲ್ಲಿದ್ದಂತೆಯೇ ಇಲ್ಲಿಯೂ ಉಳಿಯುತ್ತದೆ. 1111ರಲ್ಲಿ ತೀರಿಕೊಂಡ ಅಲ್ ಗಜಾಲಿಯ ವಾದ ಇನ್ನೂ ಸಮೀಪದ್ದು: ನಿತ್ಯವಾದ ಇಚ್ಛೆಯೇ ಇಂಥ ಕಾಲದಲ್ಲಿ ಇಂಥದು ಆಗಲೆಂದು ಅನಾದಿಯಿಂದ ಇಚ್ಛಿಸಿರಬಹುದು, ಕಾರ್ಯವು ಹೊಸದಾದ ಮಾತ್ರಕ್ಕೆ ಇಚ್ಛೆಯೂ ಹೊಸದಾಗಬೇಕಾಗಿಲ್ಲ.

ಅನುಗ್ರಹದ ವಿಷಯ ಇದಕ್ಕಿಂತ ಕಠಿನ. ಶಂಕರಾಚಾರ್ಯರು ಗೀತೆಯ ಒಂಬತ್ತನೆಯ ಅಧ್ಯಾಯದ ಭಾಷ್ಯದಲ್ಲಿ ಬೆಂಕಿಯ ದೃಷ್ಟಾಂತವನ್ನು ಕೊಟ್ಟರು. ಬಳಿಗೆ ಬಂದವರ ಚಳಿಯನ್ನು ಬೆಂಕಿ ಹೋಗಲಾಡಿಸುತ್ತದೆ, ದೂರದಲ್ಲಿರುವವರದನ್ನು ಇಲ್ಲ. ಇದರಲ್ಲಿ ಪಕ್ಷಪಾತವಿಲ್ಲ, ಬೆಂಕಿಗೆ ವಿಕಾರವೂ ಇಲ್ಲ. ಇದು ನಿರ್ದುಷ್ಟವಾದ ದೃಷ್ಟಾಂತ, ಆದರೆ ಬೆಂಕಿಯು ಬಂದವನ ಹೆಸರನ್ನರಿಯದು. ಜಯತೀರ್ಥರ ಪರಂಪರೆಗೆ ಇಷ್ಟು ಸಾಲದು. ಮಾಹಾತ್ಮ್ಯಜ್ಞಾನದಿಂದ ಕೂಡಿ, ಎಷ್ಟು ವಿಘ್ನಗಳು ಬಂದರೂ ಕಡಿಯದ ಪ್ರೇಮಪ್ರವಾಹವೇ ಭಕ್ತಿಯೆಂದು ಅವರು ಲಕ್ಷಣ ಹೇಳಿದರು. ಅಂಥ ಭಕ್ತಿಗೆ ಮೆಚ್ಚಿದ ಭಗವಂತನ ಪ್ರಸಾದದಿಂದಲೇ ಮೋಕ್ಷವೆಂದರು. ಮೆಚ್ಚುವುದೆಂದರೆ ಈ ಜೀವನನ್ನು, ಇವನ ಭಕ್ತಿಯನ್ನು, ಅರಿತು ಮೆಚ್ಚುವುದು.

ಇಲ್ಲಿ ಪ್ರಸಾದವೆಂಬ ಶಬ್ದವೇ ನೆರವಿಗೆ ಬರುತ್ತದೆ. ನೀರು ಪ್ರಸನ್ನವಾಯಿತೆಂದರೆ ಕದಡು ತಿಳಿದು ನಿರ್ಮಲವಾಯಿತೆಂದು ಅರ್ಥ. ಹೊಸದಾಗಿ ಏನೂ ಸೇರಿದುದಿಲ್ಲ. ಭಗವಂತನಲ್ಲಿ ಆ ಕದಡೂ ಇಲ್ಲ, ಅವನು ನಿತ್ಯಪ್ರಸನ್ನನು. ಕದಡಿರುವುದು ಜೀವನ ಕಡೆ. ಹಾಗಾದರೆ ಇದು ಸಮಂತಭದ್ರರ ಮತವೇ ಆಯಿತಲ್ಲವೇ, ಬದಲಾವಣೆಯೆಲ್ಲವೂ ಪೂಜಕನಲ್ಲಿ ಎಂದಂತಾಯಿತಲ್ಲವೇ ಎಂದರೆ, ಭೇದವು ಒಂದೇ ಒಂದು, ಆದರೆ ಅದು ದೊಡ್ಡದು. ಜೈನರ ಪೂಜಕನು ತನ್ನ ಚಿತ್ತವನ್ನು ತಾನೇ ತೊಳೆದುಕೊಳ್ಳುತ್ತಾನೆ. ದ್ವೈತಿಗಳ ಭಕ್ತನಿಗೆ ತೊಳೆದುಕೊಳ್ಳುವ ಶಕ್ತಿಯೂ, ಅದಕ್ಕೆ ಬೇಕಾದ ಕಾಲಕರ್ಮಗಳೂ, ಕೊನೆಗೆ ತನ್ನ ಇರವೂ ಅವನ ಅನುಗ್ರಹದಿಂದಲೇ ಬಂದುವು. ಅವನು ಉಪೇಕ್ಷಿಸಿದರೆ ಇವಾವುವೂ ಇಲ್ಲವೆಂಬ ಭಾಗವತದ ಎರಡನೆಯ ಸ್ಕಂಧದ ಅಭಿಪ್ರಾಯವು ಅವರಿಗೆ ಅತ್ಯಂತ ಪ್ರಿಯವಾದುದು. ಈ ದೃಷ್ಟಿಯಲ್ಲಿ ಮೊರೆಯು ಕೇಳಿದ ಮೇಲೆ ಅನುಗ್ರಹವು ಹೊರಡುವುದಿಲ್ಲ. ಮೊರೆಯಿಡುವ ನಾಲಗೆಯು ಆಡುವುದೇ ಅನುಗ್ರಹದಿಂದ.

ಕರುಣಾಸಂಧಿಯ ಆ ವರ್ಣನೆಯನ್ನು ಈ ಬೆಳಕಿನಲ್ಲಿ ಓದಿದರೆ ಅದು ಉಪಚಾರವಾಗಿ ಉಳಿಯುವುದಿಲ್ಲ. ಭಕ್ತನ ಭಂಗಿ ಬದಲಾದಂತೆ ಬದಲಾಗಿ ತೋರುವ ಭಗವಂತನ ಆದರವು ವ್ಯಕ್ತಿರೂಪ. ಎಲ್ಲ ಭಂಗಿಗಳಿಗೂ ಮೊದಲೇ ಇದ್ದ ಪ್ರೀತಿಯು ಶಕ್ತಿರೂಪ. ಭಕ್ತನಿಗಿಂತ ಭಗವಂತನು ಯಾವಾಗಲೂ ಒಂದು ಮೆಟ್ಟಲು ಮುಂದಿರುವನೆಂದು ದಾಸರು ಹೇಳಿದುದೂ ಆಕಸ್ಮಿಕವಲ್ಲ. ಹಿಂದುಗಡೆಯಿಂದ ಎಳೆಯಲ್ಪಟ್ಟವನು ಮುಂದೆ ಇರಲಾರನು. ಈ ಪದ್ಯಭಾಗವನ್ನು ಪಾಠ ಹೇಳುವವರು ಕವಿಸಮಯವೆಂದು ವಿವರಿಸುವ ಬದಲು ಸಿದ್ಧಾಂತವೆಂದು ವಿವರಿಸಿದರೆ ಗ್ರಂಥಕ್ಕೆ ನ್ಯಾಯ ದೊರೆತೀತು.

ಜಿನಸೇನರ ವಿಕಲ್ಪಗಳಲ್ಲಿ ಕೊನೆಯದೊಂದು ಉಳಿಯುತ್ತದೆ: ಕರುಣಾಳುವಾದರೆ ಎಲ್ಲರನ್ನೂ ಏಕೆ ಸುಖಿಗಳನ್ನಾಗಿ ಮಾಡಲಿಲ್ಲ? ಕರ್ಮವನ್ನು ಅಪೇಕ್ಷಿಸಿ ಫಲವನ್ನು ಕೊಡುವನೆಂಬ ಸೂತ್ರಕಾರರ ಉತ್ತರವು ವೇದಾಂತಿಗಳೆಲ್ಲರಿಗೂ ಸಮಾನ. ದ್ವೈತಿಗಳು ಅದರ ಮೇಲೆ ಜೀವರ ಅನಾದಿಯಾದ ಸ್ವರೂಪಯೋಗ್ಯತೆಯನ್ನೂ, ತದನುಸಾರವಾದ ಜೀವತ್ರೈವಿಧ್ಯವನ್ನೂ ಇಟ್ಟರು. ಇದರಿಂದ ವೈಷಮ್ಯದೋಷವು ತಪ್ಪುತ್ತದೆಯೆಂಬುದು ನಿಜ. ಆದರೆ ಯೋಗ್ಯತೆಯೇ ಅನಾದಿಯಾಗಿ ಗೊತ್ತಾದ ಮೇಲೆ ಓಗೊಡುವಿಕೆಗೆ ಉಳಿಯುವ ಎಡೆ ಎಷ್ಟೆಂಬ ಪ್ರಶ್ನೆ ಇಲ್ಲಿಯೇ ತೀಕ್ಷ್ಣವಾಗುತ್ತದೆ. ರಾಮಾನುಜರ ಅನುಯಾಯಿಗಳು ಈ ತ್ರೈವಿಧ್ಯವನ್ನು ಒಪ್ಪಲೇ ಇಲ್ಲ.